'ಬ್ಯಾಂಗಲೋರ್ಡ್': ನಮ್ಮೂರಿನ ಹೆಸರು ಇಂಗ್ಲಿಷಿನಲ್ಲಿ ಕ್ರಿಯಾಪದ ಆಗಿದ್ದು ಹೇಗೆ?

ಪದಕೋಶದ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಪದವಿ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ವಿದ್ಯಾರ್ಥಿಗಳ ಜೊತೆ ಸೇರಿ ಈ ಊರಿಗೆ ಅಂಟಿಕೊಂಡ ಪದಗಳ ಸಣ್ಣದೊಂದು ಕೋಶ ಮಾಡುತ್ತಿದ್ದೇವೆ. ಪೇಟೆ, ದಂಡು, ವಠಾರ, ದರ್ಶಿನಿ, ಬೈಟು ಇವೆಲ್ಲ ಸಲೀಸಾಗಿ ಮುಗಿದವು. ಈಗ ನಿಂತಿರುವುದು 'ಬ್ಯಾಂಗಲೋರ್ಡ್' ಎಂಬಲ್ಲಿ.

ಇದು ನಾವು ಕಟ್ಟಿದ ಪದವಲ್ಲ. 2003–04ರ ಸುಮಾರಿಗೆ ಅಮೆರಿಕದ ಆಡುಮಾತಿನಲ್ಲಿ ಹುಟ್ಟಿದ್ದು. ಊರಿನ ಹೆಸರಿಗೆ ಇಂಗ್ಲಿಷಿನ ಭೂತಕಾಲದ ಬಾಲ ಹಚ್ಚಿ 'ಐ ವಾಸ್ ಬ್ಯಾಂಗಲೋರ್ಡ್' ಅಂದರೆ, ನನ್ನ ಕೆಲಸವನ್ನು ಬೆಂಗಳೂರಿಗೆ ಕಳಿಸಿದರು, ನಾನು ಮನೆಯಲ್ಲಿ ಕೂತೆ ಎಂದರ್ಥ. ನನ್ನ ವಿದ್ಯಾರ್ಥಿಗಳು ಆ ಹೊತ್ತಿಗೆ ಹುಟ್ಟೇ ಇರಲಿಲ್ಲ. ಪದ ಕೇಳಿ ಒಬ್ಬ ಹುಡುಗಿ 'ಸರ್, ಇದು ಬೈಗುಳವಾ?' ಅಂದಳು. ಉತ್ತರ ಕೊಡಲು ತಡವರಿಸಿದೆ, ಯಾಕೆಂದರೆ ಅದು ನಿಜವಾಗಿ ಒಳ್ಳೆಯ ಪ್ರಶ್ನೆ.

ನನಗೆ ಬೇಕಿರುವುದು: ಈ ಪದ ಆ ಕಾಲದಲ್ಲೇ ಯಾಕೆ ಹುಟ್ಟಿತು? ಬೇರೆ ಊರುಗಳ ಹೆಸರೂ ಹೀಗೆ ಕ್ರಿಯಾಪದ ಆಗಿವೆಯೇ? ಮುಖ್ಯವಾಗಿ, ಕನ್ನಡದಲ್ಲಿ ಇದರ ಅರ್ಥ ಬರೆಯುವುದು ಹೇಗೆ? 'ಬೆಂಗಳೂರಿಸಲ್ಪಟ್ಟ' ಅಂತ ಒಬ್ಬ ಬರೆದುಕೊಂಡು ಬಂದಿದ್ದಾನೆ. ಅದನ್ನು ಅಚ್ಚು ಹಾಕಲು ನನಗೆ ಮನಸ್ಸಿಲ್ಲ.

ಹಳೇ ಕೋಬಾಲ್

ಮೇಷ್ಟ್ರೇ, ಆ ಕಾಲವನ್ನು ಹತ್ತಿರದಿಂದ ನೋಡಿದವನು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬೆಂಗಳೂರಿಗೆ ಕಂಪ್ಯೂಟರ್ ಕೆಲಸ 2003ರಲ್ಲಿ ದಿಢೀರನೆ ಬಂದಿದ್ದಲ್ಲ. ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್‌ನ ಆರ್. ಕೆ. ಬಾಳಿಗಾ ಅವರು ಎಲೆಕ್ಟ್ರಾನಿಕ್ಸ್ ಸಿಟಿಯ ಕನಸು ಕಂಡಿದ್ದು 1970ರ ದಶಕದಲ್ಲಿ. ಪುಣೆಯಲ್ಲಿ ಶುರುವಾಗಿದ್ದ ಇನ್ಫೋಸಿಸ್ 1983ರಲ್ಲಿ ಇಲ್ಲಿಗೆ ಬಂತು. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಮಿಲ್ಲರ್ಸ್ ರಸ್ತೆಯಲ್ಲಿ ಕಚೇರಿ ತೆರೆಯಿತು. ಅವರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದ ಕಥೆಯನ್ನು ಈ ಊರಿನ ಹಳೇ ಇಂಜಿನಿಯರುಗಳು ಇವತ್ತಿಗೂ ಹೇಳುತ್ತಾರೆ. ಇಲ್ಲಿ ಕೂತು ಅಲ್ಲಿಗೆ ಕೆಲಸ ಕಳಿಸಬಹುದು ಅನ್ನುವುದು ಆಗಲೇ ಕಾಣಿಸಿತ್ತು.

ಆಮೇಲೆ ವೈಟೂಕೆ ಬಂತು. ಹಳೆಯ ಪ್ರೋಗ್ರಾಮುಗಳಲ್ಲಿ ವರ್ಷಕ್ಕೆ ಎರಡೇ ಅಂಕಿ ಇಟ್ಟಿದ್ದರು. 1999 ದಾಟಿ 00 ಬಂದರೆ ಯಂತ್ರಕ್ಕೆ ಅದು 1900 ಅನ್ನಿಸಬಹುದಿತ್ತು. ಬ್ಯಾಂಕು, ವಿಮೆ ಕಂಪನಿಗಳ ಕೋಬಾಲ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯ ಲಕ್ಷಗಟ್ಟಲೆ ಸಾಲು ಕೋಡನ್ನು ಕೂತು ತಿದ್ದುವ ಜನ ಬೇಕಾಯಿತು, ನಾವು ತಿದ್ದಿದೆವು. ಆ ಕೆಲಸದಿಂದ ಅಮೆರಿಕದ ಕಂಪನಿಗಳಿಗೆ ನಮ್ಮ ಮೇಲೆ ನಂಬಿಕೆ ಕೂತಿತು. ಆಗ ಅಲ್ಲಿ ಯಾರೂ ದೂರಲಿಲ್ಲ, ಯಾಕೆಂದರೆ ಅಲ್ಲೂ ಕೆಲಸ ಕೈತುಂಬ ಇತ್ತು.

2001ರ ಹೊತ್ತಿಗೆ ಇಂಟರ್ನೆಟ್ ಕಂಪನಿಗಳ ಡಾಟ್‌ಕಾಂ ಭರಾಟೆ ಕುಸಿದು ಅಲ್ಲಿ ಕೆಲಸಗಳು ಹೋಗತೊಡಗಿದವು. ಹೋದ ಕೆಲಸ ತಿರುಗಿ ಬರುವ ಹೊತ್ತಿಗೆ ಒಂದಷ್ಟು ಪಾಲು ಬೇರೆ ದೇಶಗಳಲ್ಲಿ ಬಂದು ಇಳಿಯಿತು. 2004 ಅಮೆರಿಕದ ಅಧ್ಯಕ್ಷರ ಚುನಾವಣೆಯ ವರ್ಷ. ಆ ಫೆಬ್ರವರಿಯಲ್ಲಿ ಬುಷ್ ಅವರ ಆರ್ಥಿಕ ಸಲಹೆಗಾರ ಗ್ರೆಗರಿ ಮ್ಯಾನ್ಕಿವ್, ಹೊರಗುತ್ತಿಗೆ ದೀರ್ಘಾವಧಿಯಲ್ಲಿ ದೇಶಕ್ಕೆ ಒಳ್ಳೆಯದೇ ಎಂಬರ್ಥದ ಮಾತಾಡಿ ಎರಡೂ ಪಕ್ಷದವರಿಂದ ಬೈಸಿಕೊಂಡರು. ಅದೇ ಹೊತ್ತಿಗೆ 'ಡೋಂಟ್ ಗೆಟ್ ಬ್ಯಾಂಗಲೋರ್ಡ್' ಅಂತ ಅಚ್ಚಾದ ಟೀ ಶರ್ಟುಗಳು ಅಮೆರಿಕದಲ್ಲಿ ಮಾರಾಟಕ್ಕೆ ಬಂದವು. ಇಲ್ಲಿನ ಪತ್ರಿಕೆಗಳಲ್ಲೂ ಅದೇ ಸುದ್ದಿ. ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಅವತ್ತು ಯಾರೂ ನಗಲಿಲ್ಲ ಮೇಷ್ಟ್ರೇ. ನಮ್ಮ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದ ಅಲ್ಲಿನ ಒಬ್ಬರು ಇದ್ದಕ್ಕಿದ್ದಂತೆ ಮೀಟಿಂಗಿಗೆ ಬರುವುದು ನಿಂತಾಗ ಏನಾಗಿದೆ ಅಂತ ನಮಗೆ ಗೊತ್ತಾಗುತ್ತಿತ್ತು.

ಮಲ್ಲೇಶ್ವರದ ಓದುಗ

ಊರಿನ ಹೆಸರು ಕ್ರಿಯಾಪದವಾದದ್ದಕ್ಕೆ ಇದರ ಅಣ್ಣ ಒಬ್ಬನಿದ್ದಾನೆ: 'ಶಾಂಘೈಡ್'. 19ನೇ ಶತಮಾನದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ, ಪೋರ್ಟ್‌ಲ್ಯಾಂಡ್ ಬಂದರುಗಳಲ್ಲಿ ಹಡಗಿಗೆ ಆಳು ಸಿಗುತ್ತಿರಲಿಲ್ಲ. ಕುಡಿಸಿ, ಮತ್ತು ಬರಿಸಿ, ಹೊಡೆದು, ಹೇಗೋ ಗಂಡಾಳುಗಳನ್ನು ಹಡಗಿಗೆ ಸಾಗಿಸುತ್ತಿದ್ದರು. ಎಚ್ಚರ ಆಗುವಷ್ಟರಲ್ಲಿ ಹಡಗು ನಡುನೀರಿನಲ್ಲಿ. ಹೊರಟ ದಾರಿ ಎಷ್ಟೋ ಸಲ ಶಾಂಘೈನಂಥ ದೂರದ ಬಂದರಿನ ಕಡೆಗೆ. ಹೀಗೆ ಸಿಕ್ಕಿಬಿದ್ದವನು 'ಶಾಂಘೈಡ್'. ಅಮೆರಿಕದ 1915ರ ನಾವಿಕರ ಕಾಯ್ದೆ ಬಂದ ಮೇಲೆ ಆ ದಂಧೆ ನಿಂತಿತು, ಪದ ಮಾತ್ರ ಉಳಿಯಿತು.

ಗಮನಿಸಿ ಸರ್, ಆ ಅಪಹರಣದಲ್ಲಿ ಶಾಂಘೈ ಊರಿನವರ ಕೈವಾಡ ಏನೇನೂ ಇಲ್ಲ. ಎಳೆದೊಯ್ದವರು ಅಮೆರಿಕದ ಬಂದರಿನ ದಲ್ಲಾಳಿಗಳು, ಹಣ ಕೊಟ್ಟವರು ಹಡಗಿನ ಕ್ಯಾಪ್ಟನ್ನುಗಳು. ಕೆಟ್ಟ ಹೆಸರು ಮಾತ್ರ ಸಾವಿರಾರು ಮೈಲಿ ಆಚೆಗಿನ ಊರಿಗೆ. ನನಗೆ ಬ್ಯಾಂಗಲೋರ್ಡ್‌ನ ಒಳಗಿನ ಕೀಲು ಇದೇ ಅನ್ನಿಸುತ್ತದೆ.

ಇದಕ್ಕೆ ತದ್ವಿರುದ್ಧ 'ಬಾಯ್ಕಾಟ್'. 1880ರಲ್ಲಿ ಐರ್ಲೆಂಡಿನ ಮೇಯೋ ಪ್ರಾಂತ್ಯದಲ್ಲಿ ಜಮೀನ್ದಾರನ ಪರ ಗೇಣಿ ವಸೂಲಿ ನೋಡುತ್ತಿದ್ದ ಕ್ಯಾಪ್ಟನ್ ಚಾರ್ಲ್ಸ್ ಬಾಯ್ಕಾಟ್‌ಗೆ ರೈತರು ಒಟ್ಟಾಗಿ ಬಹಿಷ್ಕಾರ ಹಾಕಿದರು. ಅಲ್ಲಿ ಹೆಸರು ಅಂಟಿದ್ದು ಅಂಟಬೇಕಾದ ಮನುಷ್ಯನಿಗೇ.

ಬಿಟಿಎಂ ಹುಡುಗ

ಹಾಗಿದ್ದರೆ ಹೈದರಾಬಾದ್, ಮನಿಲಾ, ಗುರ್‌ಗಾಂವ್ ಯಾಕೆ ಪದ ಆಗಲಿಲ್ಲ ಅಣ್ಣ? ಅಲ್ಲಿಗೂ ಕೆಲಸ ಹೋಗಿತ್ತಲ್ಲ.

ಮಲ್ಲೇಶ್ವರದ ಓದುಗ

ಬಾಯಿಬಿಟ್ಟು ಹೇಳಿ ನೋಡು ತಮ್ಮಾ. 'ಹೈದರಾಬಾದೆಡ್' ನಾಲಿಗೆಗೆ ತೊಡರುತ್ತದೆ. 'ಬ್ಯಾಂಗಲೋರ್' ರಕಾರದಲ್ಲಿ ನಿಲ್ಲುವ ಹೆಸರು, 'ಡ್' ಅದಕ್ಕೆ ತಾನಾಗಿ ಕೂಡಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ 'ಫ್ಲೋರ್ಡ್' ಅಂದರೆ ನೆಲಕ್ಕೆ ಕೆಡವಿದ್ದು, 'ಇಗ್ನೋರ್ಡ್' ಅಂದರೆ ಕಡೆಗಣಿಸಿದ್ದು. ಕೆಲಸ ಹೋದವನ ಬಾಯಲ್ಲಿ ಈ ಮೂರೂ ಒಂದೇ ಪ್ರಾಸದಲ್ಲಿ ಬರುತ್ತವೆ. ಜೊತೆಗೆ ಆ ವರ್ಷಗಳಲ್ಲಿ ಅಮೆರಿಕದ ಟೀವಿ, ಪತ್ರಿಕೆಗಳಲ್ಲಿ ಹೊರಗುತ್ತಿಗೆ ಅಂದರೆ ಬೆಂಗಳೂರಿನದ್ದೇ ಚಿತ್ರ.

ಪ್ರಾಸದ ಬಲ ಎಷ್ಟು ಅಂತ ನೋಡಬೇಕಾದರೆ 2009ರ ಮೇ ತಿಂಗಳಿಗೆ ಬಾ. ಒಬಾಮ ತೆರಿಗೆ ಸುಧಾರಣೆಯ ಭಾಷಣ ಮಾಡುತ್ತಾ, ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಉದ್ಯೋಗ ಸೃಷ್ಟಿಸಿದರೆ ಕಟ್ಟುವುದಕ್ಕಿಂತ ಕಡಿಮೆ ತೆರಿಗೆಯನ್ನು ಭಾರತದ ಬೆಂಗಳೂರಿನಲ್ಲಿ ಸೃಷ್ಟಿಸಿದರೆ ಕಟ್ಟುವ ಹಾಗಿದೆ ನಮ್ಮ ಕಾನೂನು ಅಂದರು. ಅವರು ದೂರಿದ್ದು ತಮ್ಮದೇ ತೆರಿಗೆ ಕಾನೂನನ್ನು. ಜನರ ನೆನಪಿನಲ್ಲಿ ನಿಂತಿದ್ದು ಬಫಲೋ, ಬ್ಯಾಂಗಲೋರ್ ಎಂಬ ಜೋಡಿ.

ಹಲಸೂರು ಕೆರೆ

ಮೇಷ್ಟ್ರೇ, ನಿಮ್ಮ ಕೋಶದಲ್ಲಿ ಇದರ ಪಕ್ಕದಲ್ಲೇ ಇನ್ನೊಂದು ಪದ ಇರಲೇಬೇಕು. ನಮ್ಮೂರಿನ ಹೆಸರು ಇಂಗ್ಲಿಷ್ ಮಾತಿಗೆ ಸೇರಿದ್ದು 2003ರಲ್ಲಿ ಅಲ್ಲ, ಅದಕ್ಕೂ 90 ವರ್ಷ ಮೊದಲು. 'ಬ್ಯಾಂಗಲೋರ್ ಟಾರ್ಪಿಡೋ'. ಇಲ್ಲೇ ಹಲಸೂರು ಕೆರೆ ಪಕ್ಕ ನೆಲೆ ಇರುವ ಮದ್ರಾಸ್ ಸ್ಯಾಪರ್ಸ್ ಪಡೆಯ ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ರೂಪಿಸಿದ್ದು. ಕೊಳವೆಯೊಳಗೆ ಸಿಡಿಮದ್ದು ತುಂಬಿ, ಒಂದಕ್ಕೊಂದು ಜೋಡಿಸುತ್ತಾ ಮುಂದೆ ತಳ್ಳುವುದು. ಸೈನಿಕ ಮರೆಯಲ್ಲೇ ಇದ್ದುಕೊಂಡು ದೂರದ ಮುಳ್ಳುತಂತಿ ಬೇಲಿಯನ್ನು ಸಿಡಿಸಿ ದಾರಿ ಬಿಡಿಸಬಹುದು. ಎರಡೂ ಮಹಾಯುದ್ಧಗಳಲ್ಲಿ ಬಳಕೆಯಾಯಿತು. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹ ಕಡಲತೀರದಲ್ಲಿ ಅಮೆರಿಕದ ಸೈನಿಕರು ಮುಳ್ಳುತಂತಿ ದಾಟಿದ್ದು ಇದರಿಂದಲೇ. ಅವರ ಬಾಯಲ್ಲಿ ಅದು ಬರೀ 'ಬ್ಯಾಂಗಲೋರ್'.

ಅಂದರೆ ಅಮೆರಿಕದ ಅಜ್ಜನ ಬಾಯಲ್ಲಿ ನಮ್ಮೂರ ಹೆಸರು ದಾರಿ ಬಿಡಿಸಿದ ವಸ್ತು, ಮೊಮ್ಮಗನ ಬಾಯಲ್ಲಿ ದಾರಿ ಮುಚ್ಚಿದ ಊರು. ನಿಮ್ಮ ವಿದ್ಯಾರ್ಥಿಗಳಿಗೆ ಎರಡನ್ನೂ ಒಟ್ಟಿಗೆ ಹೇಳಿ.

ಬಿಟಿಎಂ ಹುಡುಗ

ಇದು ಗೊತ್ತೇ ಇರಲಿಲ್ಲ! ಅಂದ ಹಾಗೆ 'ಪ್ರಿಪೋನ್' ಕೂಡ ಬೆಂಗಳೂರು ಐಟಿಯವರೇ ಹುಟ್ಟಿಸಿದ್ದು ಅಂತ ನಮ್ಮ ಮ್ಯಾನೇಜರ್ ಹೇಳ್ತಾರೆ, ನಿಜವಾ?

ಮಲ್ಲೇಶ್ವರದ ಓದುಗ

ಇಲ್ಲ. ಅದನ್ನು ಜೀವಂತ ಇಟ್ಟು ಬೆಳೆಸಿದವರು ಭಾರತೀಯರು, ಅದರಲ್ಲಿ ಅನುಮಾನ ಇಲ್ಲ. ಆದರೆ 1913ರಲ್ಲೇ ಒಬ್ಬರು ನ್ಯೂಯಾರ್ಕ್ ಟೈಮ್ಸ್‌ಗೆ ಪತ್ರ ಬರೆದು, 'ಪೋಸ್ಟ್‌ಪೋನ್'ಗೆ ಎದುರಾಳಿಯಾಗಿ ಈ ಪದ ಟಂಕಿಸುತ್ತೇನೆ ಅಂತ ಘೋಷಿಸಿದ್ದರು. ಅಲ್ಲಿ ಅದು ನೆಲೆ ಹಿಡಿಯಲಿಲ್ಲ. ಹೀಗೆ ತಂದೆ ಯಾರು ಅಂತ ಗೊತ್ತಿರುವ ಪದಗಳು ಕಡಿಮೆ. 'ಸೆರೆಂಡಿಪಿಟಿ'ಗೆ ಹೊರೇಸ್ ವಾಲ್‌ಪೋಲ್ 1754ರಲ್ಲಿ ಬರೆದ ಪತ್ರವನ್ನೇ ತೋರಿಸಬಹುದು. ಬ್ಯಾಂಗಲೋರ್ಡ್ ಅಂಥದ್ದಲ್ಲ. ಕೆಲಸ ಹೋಗುವ ಭಯದಲ್ಲಿದ್ದವರ ಮಾತಿನಲ್ಲಿ ಸುಳಿದಾಡಿ ಬಲಿತ ಪದ. ಮೇಷ್ಟ್ರೇ, 'ಕರ್ತೃ' ಅಂತ ಕೋಶದಲ್ಲಿ ಕಾಲಂ ಇದ್ದರೆ ಖಾಲಿ ಬಿಡಿ.

ನೈಟ್ ಶಿಫ್ಟ್ 2005

ಆ ಹುಡುಗಿ ಕೇಳಿದ ಪ್ರಶ್ನೆಗೆ ನಾನು ಉತ್ತರ ಹೇಳ್ತೀನಿ ಸರ್. ನಾನು ಆಗ ಒಂದು ಕಾಲ್ ಸೆಂಟರಿನಲ್ಲಿದ್ದೆ. ಸಂಜೆ ಕ್ಯಾಬ್ ಬರೋದು, ಬೆಳಗ್ಗೆ ಹಾಲಿನವನ ಹೊತ್ತಿಗೆ ಮನೆ ಸೇರ್ತಿದ್ದೆ. ಅಮ್ಮ ಬಾಗಿಲು ತೆಗೆಯೋಕೆ ಎದ್ದು ಕಾಯ್ತಿದ್ದರು. ಫೋನಿನಲ್ಲಿ ನನಗೆ ಬೇರೆ ಹೆಸರು. ಅಲ್ಲಿನ ಹವಾಮಾನ, ಅಲ್ಲಿನ ಫುಟ್‌ಬಾಲ್ ತಂಡಗಳ ಹೆಸರು ಎಲ್ಲ ಟ್ರೈನಿಂಗ್‌ನಲ್ಲಿ ಹೇಳಿಕೊಟ್ಟಿದ್ದರು.

ಒಬ್ಬರು ಗ್ರಾಹಕರು ನನ್ನ ಉಚ್ಚಾರಣೆ ಕೇಳಿ 'ನೀನೆಲ್ಲಿದ್ದೀಯ?' ಅಂದರು. ಊರು ಹೇಳುವ ಹಾಗಿರಲಿಲ್ಲ. ಸುಮ್ಮನಿದ್ದೆ. 'ನನ್ನನ್ನು ಬ್ಯಾಂಗಲೋರ್ಡ್ ಮಾಡಿದ್ದು ನೀವೇ ತಾನೆ' ಅಂದರು. ಬೈಯಲಿಲ್ಲ. ದನಿ ಏರಿಸಲೂ ಇಲ್ಲ. ಆ ಮನುಷ್ಯ ತುಂಬ ದಣಿದಿದ್ದರು ಅಷ್ಟೆ. ಬಿಲ್ಲಿನ ಸಮಸ್ಯೆ ಸರಿ ಮಾಡಿ ಥ್ಯಾಂಕ್ಯೂ ಹೇಳಿ ಇಟ್ಟೆ. ಬೈದವರು ಬೇರೆ ಎಷ್ಟೋ ಜನ ಇದ್ದರು, ಅವರ ಒಂದು ಮಾತೂ ನೆನಪಿಲ್ಲ. ಇವರದ್ದು ಮರೆಯೋಕೆ ಆಗಿಲ್ಲ.

ಹಾಗಾಗಿ ಬೈಗುಳ ಅಂತ ಮಾತ್ರ ಬರೆಯಬೇಡಿ. ಕೆಲವರ ಬಾಯಲ್ಲಿ ಬೈಗುಳ, ಕೆಲವರ ಬಾಯಲ್ಲಿ ಅಳಲು. ಒಂದೇ ಪದ, ಹೇಳುವವರು ಬೇರೆ.

ಕ್ವಾರ್ಟರ್ಸ್ ಮಗಳು

ಅಕ್ಕಾ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಏನೂ ಬರೆಯಲಾಗಲಿಲ್ಲ. ನಾನು ಆಚೆ ದಡದಿಂದ ಹೇಳುತ್ತೇನೆ.

ನಮ್ಮಪ್ಪ ಈ ಊರಿನ ಒಂದು ದೊಡ್ಡ ಕಾರ್ಖಾನೆಯಲ್ಲಿ ಫಿಟ್ಟರ್. ಸೈರನ್ ಕೇಳಿ ಏಳುವ, ಸೈರನ್ ಕೇಳಿ ಉಣ್ಣುವ ಕ್ವಾರ್ಟರ್ಸ್‌ನಲ್ಲಿ ಬೆಳೆದೆ. ಅಮೆರಿಕದವರು ಬ್ಯಾಂಗಲೋರ್ಡ್ ಅಂತ ಟೀ ಶರ್ಟ್ ಹಾಕಿಕೊಳ್ಳುತ್ತಿದ್ದ ಹೊತ್ತಿಗೆ ಅಪ್ಪ ವಿಆರ್‌ಎಸ್ ಕಾಗದಕ್ಕೆ ಸಹಿ ಹಾಕಿ ಬಂದರು. ಸ್ವಯಂ ನಿವೃತ್ತಿ ಅಂತ ಅದರ ಹೆಸರು. ಅದರಲ್ಲಿ ಸ್ವಯಂ ಅನ್ನುವುದು ಏನೂ ಇರಲಿಲ್ಲ.

ಜಗತ್ತಿನ ಕೆಲಸವನ್ನೆಲ್ಲ ಕಿತ್ತುಕೊಂಡ ಊರು ಅಂತ ಅಲ್ಲಿ ಹೆಸರು. ಅದೇ ವರ್ಷಗಳಲ್ಲಿ ಇಲ್ಲಿ ಏನಾಗುತ್ತಿತ್ತು? ಬೈಯಪ್ಪನಹಳ್ಳಿಯ ಎನ್‌ಜಿಇಎಫ್ ಕಾರ್ಖಾನೆ 2002ರ ಹೊತ್ತಿಗೆ ನಿಂತುಹೋಗಿತ್ತು. 1884ರಷ್ಟು ಹಳೆಯ ಬಿನ್ನಿ ಮಿಲ್ ಇದ್ದ ಜಾಗದಲ್ಲಿ ಇವತ್ತು ಅಪಾರ್ಟ್‌ಮೆಂಟು, ಮಾಲು. ಮನೆಮನೆಯ ಕೈಗೂ ಗಡಿಯಾರ ಕಟ್ಟಿದ ಎಚ್‌ಎಂಟಿ ವಾಚಸ್ 2016ರಲ್ಲಿ ಬಾಗಿಲು ಹಾಕಿತು. 1980ರ ಕೊನೆಯಲ್ಲಿ ಇದೇ ಊರಿನ ಎಚ್‌ಎಎಲ್, ಬಿಇಎಲ್, ಐಟಿಐ, ಎಚ್‌ಎಂಟಿ, ಬಿಇಎಂಎಲ್‌ನ ಒಂದೂಕಾಲು ಲಕ್ಷದಷ್ಟು ಕಾರ್ಮಿಕರು 77 ದಿನ ಮುಷ್ಕರ ಹೂಡಿದ್ದರು. ಅಂಥ ಕಾರ್ಮಿಕರ ಊರು ಇದು. ಅವರ ಮಕ್ಕಳಿಗೆ ಐಟಿಯಲ್ಲಿ ಕೆಲಸ ಸಿಕ್ಕಿದ್ದೂ ನಿಜ, ನಾನೂ ಅದರಲ್ಲೊಬ್ಬಳು. ಆದರೆ ಕೆಲಸ ಹೋದ ಅಪ್ಪಂದಿರ ಸಂಕಟಕ್ಕೆ ಯಾರೂ ಪದ ಕಟ್ಟಲಿಲ್ಲ, ಯಾವ ನಿಘಂಟೂ ಅದನ್ನು ಹುಡುಕಿಕೊಂಡು ಬರಲಿಲ್ಲ. ಮೇಷ್ಟ್ರೇ, ಕೋಶದಲ್ಲಿ ಬ್ಯಾಂಗಲೋರ್ಡ್ ಇರಲಿ. ಪಕ್ಕದಲ್ಲಿ 'ವಿಆರ್‌ಎಸ್' ಅನ್ನುವುದನ್ನೂ ಸೇರಿಸಿ. ನಮ್ಮ ಕ್ವಾರ್ಟರ್ಸ್‌ನಲ್ಲಿ ಅದು ಕನ್ನಡ ಪದವೇ ಆಗಿತ್ತು. 'ಅವರಿಗೆ ವಿಆರ್‌ಎಸ್ ಆಯ್ತಂತೆ' ಅನ್ನುತ್ತಿದ್ದರು.

ಪದಕೋಶದ ಮೇಷ್ಟ್ರು

ತಾಯಿ, ಖಂಡಿತ ಸೇರಿಸುತ್ತೇನೆ. ಆ ವಾಕ್ಯವನ್ನೇ ಪ್ರಯೋಗದ ಸಾಲಾಗಿ ಕೊಡುತ್ತೇನೆ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನಲ್ಲಿ ಪದದ ಜೊತೆಗೆ ಶಾಸನದ, ಕಾವ್ಯದ ಪ್ರಯೋಗಗಳನ್ನು ಕೊಟ್ಟಿದ್ದಾರೆ. ನಿಘಂಟುಕಾರ ಜಿ. ವೆಂಕಟಸುಬ್ಬಯ್ಯನವರ ಪೀಳಿಗೆ ನಮಗೆ ಕಲಿಸಿದ್ದು ಅದನ್ನೇ: ಜನ ಆಡಿದ್ದನ್ನು ಕೇಳು, ಆಮೇಲೆ ಅರ್ಥ ಬರೆ.

ಈಗ ಅರ್ಥದ ಮಾತು. 'ಐ ವಾಸ್ ಬ್ಯಾಂಗಲೋರ್ಡ್' ಕರ್ಮಣಿ ಪ್ರಯೋಗ. ಕೆಲಸ ಕಳೆದುಕೊಂಡವನು ಅದರಲ್ಲಿ ಇದ್ದಾನೆ, ಊರೂ ಇದೆ. ಕೆಲಸವನ್ನು ಸಾಗಿಸಬೇಕು ಅಂತ ತೀರ್ಮಾನಿಸಿದವನು ಎಲ್ಲೂ ಇಲ್ಲ. ಪದದ ಒಳಗೇ ಅವನನ್ನು ಅಡಗಿಸಿಟ್ಟ ಹಾಗಿದೆ. ಶಾಂಘೈ ಬಗ್ಗೆ ಮಲ್ಲೇಶ್ವರದವರು ಹೇಳಿದ್ದೂ ಇದನ್ನೇ. ನನಗೆ ಈ ಪದದ ಮೇಲೆ ತಕರಾರು ಇರುವುದು ಇಲ್ಲಿಯೇ.

ಹಳೇ ಕೋಬಾಲ್

ಅದೇ 2004ರಲ್ಲಿ ಅವನಿಗೂ ಒಂದು ಹೆಸರು ಇಟ್ಟಿದ್ದರು ಮೇಷ್ಟ್ರೇ. ಬುಷ್ ಎದುರು ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಜಾನ್ ಕೆರಿ ತಮ್ಮ ಪ್ರಚಾರದಲ್ಲಿ, ಉದ್ಯೋಗಗಳನ್ನು ದೇಶದಾಚೆ ಕಳಿಸುವ ಸಿಇಓಗಳನ್ನು 'ಬೆನೆಡಿಕ್ಟ್ ಅರ್ನಾಲ್ಡ್' ಅಂದರು. ಅರ್ನಾಲ್ಡ್ ಅಂದರೆ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ಸೇರಿದ ಸೇನಾಧಿಕಾರಿ, ಅಲ್ಲಿ ದ್ರೋಹಿ ಅನ್ನುವುದಕ್ಕೆ ಪರ್ಯಾಯ. ಒಂದೇ ಸಂಕಟಕ್ಕೆ ಎರಡು ಹೆಸರು. ಒಂದು ನಿರ್ಧಾರ ಮಾಡಿದವನತ್ತ ಬೆರಳು ತೋರಿಸಿತು, ಇನ್ನೊಂದು ನಮ್ಮತ್ತ.

ಹಲಸೂರು ಕೆರೆ

ಅದೇ ಯುದ್ಧದಲ್ಲಿ ಯಾರ್ಕ್‌ಟೌನ್‌ನಲ್ಲಿ 1781ರಲ್ಲಿ ಸೋತು ಶರಣಾದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸ್, ಹತ್ತು ವರ್ಷದ ಮೇಲೆ 1791ರಲ್ಲಿ ನಮ್ಮ ಕೋಟೆ ಹಿಡಿದದ್ದು. ಚರ್ಚೆಗೆ ನೇರ ಸಂಬಂಧ ಇಲ್ಲ, ಆದರೂ ಹೇಳದೆ ಇರಲಾಗಲಿಲ್ಲ.

ಕ್ವಾರ್ಟರ್ಸ್ ಮಗಳು

ಮೇಷ್ಟ್ರೇ, ಕನ್ನಡದಲ್ಲೂ 'ಕೆಲಸ ಹೋಯ್ತು' ಅನ್ನುತ್ತೇವಲ್ಲ. ಅಲ್ಲೂ ಕಳಿಸಿದವನು ಕಾಣುವುದಿಲ್ಲ. ತಾನಾಗಿ ಎದ್ದು ಹೋದ ಹಾಗೆ.

ಪದಕೋಶದ ಮೇಷ್ಟ್ರು

ಸರಿಯಾದ ಮಾತು. ಆದರೆ ಇನ್ನೊಂದನ್ನೂ ಅನ್ನುತ್ತೇವೆ: 'ಕೆಲಸದಿಂದ ತೆಗೆದ್ರು'. ಅಲ್ಲಿ ಹೆಸರು ಹೇಳದಿದ್ದರೂ ಆ ಕೊನೆಯ 'ಅರು' ಪ್ರತ್ಯಯದಲ್ಲಿ ಮನುಷ್ಯರು ನಿಂತಿದ್ದಾರೆ. 'ಯಾರು?' ಅಂತ ಕೇಳಲು ಜಾಗ ಇದೆ. 'ಬೆಂಗಳೂರಿಸಲ್ಪಟ್ಟ' ಅನ್ನುವುದು ನನಗೆ ಒಗ್ಗದೆ ಇರುವುದೂ ಇದಕ್ಕೇ. ಕಿವಿಗೆ ಒರಟು ಅನ್ನುವುದು ಆಮೇಲಿನ ಮಾತು. ಅದು ಇಂಗ್ಲಿಷ್ ಪದದ ಮರೆಮಾಚುವಿಕೆಯನ್ನು ಹಾಗೇ ಎತ್ತಿ ಕನ್ನಡಕ್ಕೆ ತರುತ್ತದೆ.

ಶಾಸನ ಪ್ರೀತಿ

ತಡವಾಗಿ ಬಂದೆ, ಕ್ಷಮಿಸಿ. ಹೆಸರಿನ ಬಗ್ಗೆ ಒಂದು ಟಿಪ್ಪಣಿ ಬೇಕು. ಬೇಗೂರಿನ ನಾಗೇಶ್ವರ ದೇವಸ್ಥಾನದ ಕ್ರಿ.ಶ. 890ರ ಸುಮಾರಿನ ಗಂಗರ ಕಾಲದ ವೀರಗಲ್ಲಿನಲ್ಲಿ ಬೆಂಗಳೂರ ಕಾಳಗದ ಪ್ರಸ್ತಾಪ ಇದೆ. ಬೆಂದಕಾಳೂರಿನ ಕಥೆ ಎಷ್ಟೇ ಸೊಗಸಾಗಿದ್ದರೂ ಅದರ ನಾಯಕ ವೀರಬಲ್ಲಾಳನಿಗಿಂತ ಹೆಸರೇ ಹಳೆಯದು. ಅನಂತಮೂರ್ತಿಯವರ ಸಲಹೆ ಒಪ್ಪಿ ಮುಖ್ಯಮಂತ್ರಿ ಧರ್ಮಸಿಂಗ್ ಇಂಗ್ಲಿಷಿನಲ್ಲೂ ಬೆಂಗಳೂರು ಎಂದೇ ಬರೆಯುವ ನಿರ್ಧಾರ ಪ್ರಕಟಿಸಿದ್ದು 2005ರ ಡಿಸೆಂಬರಿನಲ್ಲಿ. ಅದು ಅಧಿಕೃತವಾಗಿ ಜಾರಿಗೆ ಬಂದದ್ದು 2014ರ ನವೆಂಬರ್ 1ರಂದು.

ಬ್ಯಾಂಗಲೋರ್ಡ್ ಹುಟ್ಟಿದ್ದು ಹಳೆಯ ಇಂಗ್ಲಿಷ್ ಹೆಸರಿನ ಕೊನೆಯ ವರ್ಷಗಳಲ್ಲಿ. 'ಬೆಂಗಳೂರು' ಉಕಾರಾಂತ. ಅದಕ್ಕೆ ಇಂಗ್ಲಿಷಿನ ಆ ಬಾಲ ಅಷ್ಟು ಸುಲಭಕ್ಕೆ ಕೂರುವುದಿಲ್ಲ. ಇವತ್ತು ಯಾರಾದರೂ ಹೊಸದಾಗಿ ಈ ಪದ ಕಟ್ಟಲು ಹೊರಟರೆ ಆಗುತ್ತಿತ್ತೋ ಇಲ್ಲವೋ, ನನಗಂತೂ ಕಷ್ಟ ಅನ್ನಿಸುತ್ತದೆ.

ಪದಕೋಶದ ಮೇಷ್ಟ್ರು

ಎಲ್ಲ ಸೇರಿಸಿ ನಮೂದು ಹೀಗೆ ಬರೆದಿದ್ದೇನೆ, ನೋಡಿ:

ಬ್ಯಾಂಗಲೋರ್ಡ್. ಇಂಗ್ಲಿಷ್ ಆಡುಮಾತು, ಅಮೆರಿಕ, 2003–04ರಿಂದ. ಊರಿನ ಹಳೆಯ ಇಂಗ್ಲಿಷ್ ಹೆಸರಿನಿಂದ. ಕಂಪನಿಯು ಖರ್ಚು ತಗ್ಗಿಸಲು ಕೆಲಸವನ್ನು ಬೆಂಗಳೂರಿಗೋ ಹೊರದೇಶದ ಬೇರೆ ಊರಿಗೋ ಸಾಗಿಸಿದ್ದರಿಂದ ಉದ್ಯೋಗ ಕಳೆದುಕೊಂಡ. ಅಳಲಾಗಿಯೂ ನಿಂದೆಯಾಗಿಯೂ ಬಳಕೆ. ಹೋಲಿಸಿ: ಶಾಂಘೈಡ್. ನೋಡಿ: ಬ್ಯಾಂಗಲೋರ್ ಟಾರ್ಪಿಡೋ, ವಿಆರ್‌ಎಸ್.

ನೈಟ್ ಶಿಫ್ಟ್ 2005

ಒಂದೇ ಒಂದು ಮಾತು ಸರ್. 'ಕಳೆದುಕೊಂಡ' ಬೇಡ. ಪರ್ಸ್ ಕಳೆದುಕೊಂಡ ಅನ್ನೋ ಥರ, ತಪ್ಪು ಅವರದ್ದೇ ಅನ್ನಿಸುತ್ತೆ.

ಕ್ವಾರ್ಟರ್ಸ್ ಮಗಳು

ಹೌದು. 'ಕಂಪನಿಯು ಖರ್ಚು ತಗ್ಗಿಸಲು ಕೆಲಸವನ್ನು ಬೇರೆ ದೇಶಕ್ಕೆ ಸಾಗಿಸಿ, ಮನೆಗೆ ಕಳಿಸಿದ ನೌಕರ' ಅಂತ ಮಾಡಿ. ಕಳಿಸಿದ್ದು ಕಂಪನಿ ಅಂತ ವಾಕ್ಯದಲ್ಲೇ ಇರುತ್ತೆ.

ಪದಕೋಶದ ಮೇಷ್ಟ್ರು

ಹಾಗೇ ಮಾಡಿದೆ. ಇವತ್ತೇ ಅಚ್ಚಿನ ಪ್ರತಿಗೆ ಸೇರುತ್ತದೆ. 'ವಿಆರ್‌ಎಸ್' ನಮೂದನ್ನು ನೀವೇ ಬರೆದುಕೊಡಬೇಕು ತಾಯಿ, ಅಪ್ಪನವರನ್ನೂ ಒಂದು ಮಾತು ಕೇಳಿ. ಬಿಟಿಎಂ ಹುಡುಗನಿಗೆ 'ಪ್ರಿಪೋನ್' ವಹಿಸಿದ್ದೇನೆ, ಮ್ಯಾನೇಜರ್ ಹೇಳಿದ ವ್ಯುತ್ಪತ್ತಿ ಬಿಟ್ಟು ಉಳಿದದ್ದು ಬರೆಯಲಿ.